ಬಾಯಿ ಎಂಬ ಎರಡಕ್ಷರ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಹೊತ್ತು ಒಂದಿಷ್ಟು ನಿಂತು ಕಿವಿಗೊಟ್ಟರೆ ಒಂದು ಪದ ಮತ್ತೆ ಮತ್ತೆ ಕೇಳಿಬರುತ್ತದೆ. ಗಿರ್ಮಿಟ್ಟು, ಮಿರ್ಚಿ ಗಾಡಿಗಳ ಮುಂದಿನ ಗದ್ದಲ, ಗಿರಾಕಿಗಳನ್ನು ಕರೆಯುವ ಬಟ್ಟೆ ಅಂಗಡಿ ಹುಡುಗರ ಕೂಗು, ಸ್ಕೂಟರುಗಳ ಹಾರ್ನು, ಇವೆಲ್ಲದರ ನಡುವೆಯೂ ಅದು ಕೇಳುತ್ತದೆ. 'ಏ ಬಾಯಿ, ಮಲ್ಲಿಗಿ ಮೊಳ ಹೆಂಗ?' 'ಬಾಯಿ, ಕೊತ್ತಂಬ್ರಿ ಸೂಡು ಎಷ್ಟಕ್ಕ ಕೊಡ್ತಿ?' ಹೂವಿನ ಬುಟ್ಟಿ ಮುಂದಿಟ್ಟುಕೊಂಡವಳೂ ಬಾಯಿ, ನಿಂಬೆಹಣ್ಣು ಗುಡ್ಡೆ ಹಾಕಿ ಕುಳಿತವಳೂ ಬಾಯಿ. ಬೆಳಗಿನಿಂದ ರಾತ್ರಿಯವರೆಗೆ ಅದೇ ಜಾಗದಲ್ಲಿ ಕುಳಿತು ದುಡಿದು, ಮನೆ ನಡೆಸಿ, ಮಕ್ಕಳನ್ನು ಓದಿಸಿದ ಹೆಣ್ಣುಮಕ್ಕಳಿಗೆಲ್ಲ ಇಲ್ಲಿ ಒಂದೇ ಹೆಸರು.

ನಾವು ಅನೇಕ ವರ್ಷಗಳಿಂದ ಹೂ ಕೊಳ್ಳುವ ಒಬ್ಬ ತಾಯಿಯನ್ನು ಒಮ್ಮೆ ಕೇಳಿದೆವು, 'ಅವ್ವಾ, ನಿಮ್ಮ ಹೆಸರೇನು?' ಆಕೆ ನಕ್ಕರು. 'ಹೆಸರು ಕಟಗೊಂಡು ಏನ್ ಮಾಡ್ತೀರಿ? ಹೂವ ತಗೊಳ್ರಿ' ಎಂದರು. ಅಷ್ಟು ವರ್ಷ ನಾವೂ ಅವರನ್ನು 'ಬಾಯಿ' ಎಂದೇ ಕರೆದಿದ್ದೆವು ಎಂಬುದು ಆಗ ಹೊಳೆದು ನಾಚಿಕೆಯಾಯಿತು.

ಕನ್ನಡದಲ್ಲಿ ಬಾಯಿ ಎಂದರೆ ಮಾತಾಡುವ, ಉಣ್ಣುವ ಬಾಯಿ. ಮರಾಠಿಯಲ್ಲಿ ಅದು ಗೌರವದ ಮಾತು. ಜೀಜಾಬಾಯಿ, ಅಹಲ್ಯಾಬಾಯಿ ಎಂದು ರಾಣಿಯರ ಹೆಸರಿಗೂ ಸೇರಿಕೊಂಡಿದೆ. ಧಾರವಾಡ ಸೀಮೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಈ ಪದ ನಮ್ಮ ಮನೆ ಮನೆಯಲ್ಲಿ ಬೇರೂರಿತು. ಆದರೆ ನಾವು ಉರ್ದು ಕಲಿತವರು. ಉರ್ದುವಿನ ಅಂಗಳದಲ್ಲಿ ಇದೇ ಪದಕ್ಕೆ ಬೇರೊಂದು ನೆರಳಿದೆ. ಅಲ್ಲಿ ಮನೆಯೊಳಗಿನ ಹೆಣ್ಣು ಬೇಗಂ, ಬೀಬಿ, ಖಾತೂನ್. ಮೆಹಫಿಲಿನಲ್ಲಿ ಹಾಡಿ ಸಂಪಾದಿಸುವವಳು ಜಾನ್, ಇಲ್ಲವೆ ಬಾಯಿ. ಹೆಸರಿನ ಕೊನೆಯ ಎರಡಕ್ಷರ ಕೇಳಿದರೆ ಸಾಕು, ಅವಳು ಹೊಸ್ತಿಲಿನ ಒಳಗಿನವಳೋ ಹೊರಗಿನವಳೋ ಎಂದು ತಿಳಿಯುತ್ತಿತ್ತು. ಹೊರಗೆ ದುಡಿಯುವ ಹೆಣ್ಣಿನ ಹೆಸರಿಗೇ ಒಂದು ಗುರುತು ಹಚ್ಚಿಟ್ಟ ಕಾಲ ಅದು.

ದುರ್ಗದಬೈಲಿನಿಂದ ಆಟೋ ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ದೇಶಪಾಂಡೆ ನಗರ ಸಿಗುತ್ತದೆ. ಈ ಗುರುತನ್ನು ಬದುಕಿನುದ್ದಕ್ಕೂ ಹೊತ್ತು, ಕೊನೆಗೆ ಅದರ ಅರ್ಥವನ್ನೇ ಬದಲಿಸಿದ ಒಬ್ಬ ಹೆಣ್ಣುಮಗಳು ಅಲ್ಲಿ ಬಾಳಿದರು. ಅವರೇ ಗಂಗೂಬಾಯಿ ಹಾನಗಲ್. ಅವರು ಹೇಳುತ್ತಿದ್ದ ಮಾತೊಂದು ಬಹಳ ಪ್ರಸಿದ್ಧ. ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದ್ ಆಗುತ್ತಾನೆ, ಹಿಂದೂ ಆದರೆ ಪಂಡಿತ್ ಆಗುತ್ತಾನೆ, ಹೆಂಗಸು ಎಷ್ಟೇ ದೊಡ್ಡ ಗಾಯಕಿಯಾದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂಬುದು ಅದರ ತಾತ್ಪರ್ಯ. ಕೇಸರಬಾಯಿ, ಮೋಗೂಬಾಯಿಯಂಥ ದಿಗ್ಗಜರನ್ನು ನೆನೆದು ಅವರು ಈ ಮಾತು ಹೇಳಿದ್ದರು. ನಗೆಯ ಮಾತಿನಂತೆ ಕಂಡರೂ ಅದರೊಳಗೆ ನೂರು ವರ್ಷದ ಚರಿತ್ರೆ ಇದೆ. ಆ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಬಿಚ್ಚಿ ನೋಡೋಣ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯವರು ಲಂಡನ್ನಿನಿಂದ ಕಲ್ಕತ್ತಾಕ್ಕೆ ಬಂದು ಹಾಡುಗಳನ್ನು ಮುದ್ರಿಸಿಕೊಂಡರು. ಮನೆತನಸ್ಥ ಹೆಣ್ಣುಮಕ್ಕಳು ಅಪರಿಚಿತರ ಎದುರು ಹಾಡುವಂತಿರಲಿಲ್ಲ. ಅನೇಕ ಉಸ್ತಾದರೂ ಯಂತ್ರದ ಮುಂದೆ ಹಾಡಲು ಹಿಂಜರಿದರು. ಹೀಗಾಗಿ ಆ ಹೊಸ ಉದ್ಯೋಗದ ಬಾಗಿಲನ್ನು ಮೊದಲು ತಟ್ಟಿದವರು ತವಾಯಫ್ ಮನೆಗಳ ಹೆಣ್ಣುಮಕ್ಕಳು. ಅವರಲ್ಲಿ ಎಲ್ಲರಿಗಿಂತ ಎತ್ತರದ ಹೆಸರು ಗೌಹರ್ ಜಾನ್. ಆಜಮಗಢದಲ್ಲಿ 1873ರಲ್ಲಿ ಹುಟ್ಟಿದಾಗ ಆಕೆಯ ಹೆಸರು ಏಂಜೆಲಿನಾ. ತಂದೆ ಅರ್ಮೇನಿಯನ್ ಮೂಲದವರು. ತಂದೆ ತಾಯಿ ಬೇರೆಯಾದ ಮೇಲೆ ತಾಯಿ ಮಗಳೊಂದಿಗೆ ಬನಾರಸಿಗೆ ಬಂದು ಇಸ್ಲಾಂ ಸ್ವೀಕರಿಸಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್ ಆದಳು.

ಗೌಹರ್ ಜಾನ್ ತಮ್ಮ ರೆಕಾರ್ಡುಗಳ ಕೊನೆಗೆ 'ಮೈ ನೇಮ್ ಈಸ್ ಗೌಹರ್ ಜಾನ್' ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಯಾವ ತಟ್ಟೆ ಯಾರದೆಂದು ಅಲ್ಲಿನವರಿಗೆ ತಿಳಿಯಲಿ ಎಂಬುದಕ್ಕಾಗಿ ಈ ಏರ್ಪಾಡು ಎನ್ನುತ್ತಾರೆ. ಕಾರಣ ಏನೇ ಇರಲಿ, ಒಬ್ಬ ದುಡಿಯುವ ಹೆಣ್ಣು ತನ್ನ ಕೆಲಸದ ಕೊನೆಗೆ ತನ್ನ ಹೆಸರನ್ನು ತಾನೇ ಹೇಳಿದ ಆ ದನಿ ಇಂದಿಗೂ ಕೇಳಸಿಗುತ್ತದೆ. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ರೆಕಾರ್ಡುಗಳನ್ನು ಕೊಟ್ಟ ಈ ಗಾಯಕಿ ಕೊನೆಗಾಲದಲ್ಲಿ ನಂಬಿದವರಿಂದ ಮೋಸಹೋಗಿ, ಕೋರ್ಟು ಕಚೇರಿಯ ವ್ಯಾಜ್ಯಗಳಲ್ಲಿ ಹಣ ಕಳೆದುಕೊಂಡು, 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಗಾಯಕಿಯಾಗಿ ಮೈಸೂರಿಗೆ ಬಂದರು. ತಿಂಗಳಿಗೆ 500 ರೂಪಾಯಿ ಸಂಬಳ. ಎರಡು ವರ್ಷವೂ ತುಂಬಲಿಲ್ಲ. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಒಂದು ಕಾಲಕ್ಕೆ ದೇಶಕ್ಕೆಲ್ಲ ಗೊತ್ತಿದ್ದ ಹೆಸರು, ಕೊನೆಗೆ ತನ್ನವರೆನ್ನುವವರು ಹತ್ತಿರವಿಲ್ಲದ ಸಾವು.

ಗೌಹರ್ ಜಾನ್ ಮೈಸೂರಿಗೆ ಬಂದ ಅದೇ 1928ರಲ್ಲಿ ಧಾರವಾಡದಿಂದ ಒಂದು ಸಣ್ಣ ಸಂಸಾರ ಹುಬ್ಬಳ್ಳಿಗೆ ಬಂದು ನೆಲೆಸಿತು. ಬಂದ ಕಾರಣ ಒಂದೇ, ಮನೆಯ ಮಗಳು ಹಿಂದೂಸ್ತಾನಿ ಸಂಗೀತ ಕಲಿಯಬೇಕು. ಮಗಳಿಗೆ ಆಗ 15 ವರ್ಷ. ಹುಟ್ಟುಹೆಸರು ಗಾಂಧಾರಿ.

ಗಾಂಧಾರಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದ ಶುಕ್ರವಾರಪೇಟೆಯಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಹಾಡುವ ಹೆಣ್ಣುಮಕ್ಕಳ ಮನೆತನ, ಜಾತಿಯ ಏಣಿಯಲ್ಲಿ ಕೆಳಗಿನ ಮೆಟ್ಟಿಲು. ಸುತ್ತಲಿನದು ಬ್ರಾಹ್ಮಣರ ಓಣಿ. ಬೀದಿಯಲ್ಲಿ ನಡೆದರೆ ಹಾಡುವವಳ ಮಗಳು ಬಂದಳೆಂದು ಹೀಯಾಳಿಸುವ ದನಿಗಳು ಕೇಳುತ್ತಿದ್ದವು. ಬಾಲ್ಯದಲ್ಲಿ ಪಕ್ಕದ ಹಿತ್ತಿಲಿನ ಮಾವಿನಕಾಯಿ ಕದ್ದಾಗ ಕದ್ದದ್ದಕ್ಕಿಂತ ಹೆಚ್ಚಾಗಿ, ಇಂಥ ಮನೆಯ ಹುಡುಗಿ ಹಿತ್ತಿಲಿಗೆ ಕಾಲಿಟ್ಟಳಲ್ಲ ಎಂಬುದಕ್ಕೆ ಬೈಸಿಕೊಂಡದ್ದನ್ನು ಗಂಗೂಬಾಯಿ ಮುಂದೆ ನೆನೆಯುತ್ತಿದ್ದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದ ಮಕ್ಕಳಲ್ಲಿ 11 ವರ್ಷದ ಗಾಂಧಾರಿಯೂ ಇದ್ದಳು. ಅಂಥ ಮಹಾಸಭೆಯಲ್ಲಿ ಹಾಡುವಾಗಲೂ ಆ ಹುಡುಗಿಯ ಮನಸ್ಸಿನಲ್ಲಿದ್ದ ಅಂಜಿಕೆ ಶ್ರುತಿ ತಾಳದ್ದಲ್ಲ. ಊಟದ ಹೊತ್ತಿಗೆ ಜಾತಿಯ ಕಾರಣಕ್ಕೆ ತನ್ನನ್ನು ಬೇರೆ ಮಾಡುತ್ತಾರೇನೋ ಎಂಬ ಅಂಜಿಕೆ.

ಇದೇ ಅಂಬಾಬಾಯಿಯವರ ಮನೆಗೆ ಒಬ್ಬ ಮುಸಲ್ಮಾನ ಹಿರಿಯರು ಬಂದು ಕುಳಿತು ಹಾಡು ಕೇಳಿ ಹೋಗುತ್ತಿದ್ದರು. ಅವರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಉತ್ತರದ ಕೈರಾನಾ ಊರಿನವರು. ಮೈಸೂರು ಆಸ್ಥಾನಕ್ಕೆ ಹೋಗಿ ಬರುವ ದಾರಿಯಲ್ಲಿ ಧಾರವಾಡ ಅವರಿಗೆ ತಂಗುದಾಣ. ಕರ್ನಾಟಕ ಸಂಗೀತವನ್ನು ಬಲ್ಲವರಿಂದ ಕೇಳಿ ತಿಳಿಯುವ ಆಸೆ ಅವರಿಗಿತ್ತು. ಹಾಗಾಗಿ ಊರಿನ ಮಡಿವಂತರು ದೂರವಿಟ್ಟ ಮನೆಯ ಚಾಪೆಯ ಮೇಲೆ ಹಿಂದೂಸ್ತಾನದ ದೊಡ್ಡ ಗವಾಯಿ ಶಿಷ್ಯನಂತೆ ಕುಳಿತರು. ಇವತ್ತು ಹಿಂದೂ ಮುಸ್ಲಿಂ ಸೌಹಾರ್ದವೆಂದು ವೇದಿಕೆ ಹಾಕಿ ಭಾಷಣ ಮಾಡುತ್ತೇವೆ. ಅಂದು ಅದಕ್ಕೆ ವೇದಿಕೆ ಬೇಕಾಗಿರಲಿಲ್ಲ, ಒಂದು ತಂಬೂರಿ ಸಾಕಾಗಿತ್ತು.

ಆದರೆ ಖಾನ್‌ಸಾಹೇಬರ ಮನೆಯ ಕಥೆಯನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವರ ಹೆಂಡತಿ ತಾರಾಬಾಯಿ ಮಾನೆ 1922ರಲ್ಲಿ ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಮಕ್ಕಳ ಹೆಸರುಗಳೂ ಬದಲಾದವು. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆ ಆದರು, ಸಕೀನಾ ಸರಸ್ವತಿ ರಾಣೆ ಆದರು, ಚಂಪಾಕಲಿ ಹೀರಾಬಾಯಿ ಬಡೋದೇಕರ್ ಆದರು. ಮೆಹಫಿಲಿನಿಂದ ಹೆಣ್ಣಿನ ಹಾಡನ್ನು ಹೊರತಂದು, ನಾಟಕ ಗೃಹದಲ್ಲಿ ಟಿಕೀಟು ಇಟ್ಟು, ಸಂಸಾರಸ್ಥರು ಹೆಂಡತಿ ಮಕ್ಕಳೊಡನೆ ಬಂದು ಕೇಳುವಂತೆ ಮಾಡಿದವರಲ್ಲಿ ಹೀರಾಬಾಯಿ ಮೊದಲಿಗರು. ಟಿಕೀಟು ಎಂಬುದು ಸಣ್ಣ ವಿಷಯವಲ್ಲ. ಮೆಹಫಿಲಿನಲ್ಲಿ ಹಾಡುವವಳಿಗೆ ಸಿಗುವುದು ಬಕ್ಷೀಸು, ಟಿಕೀಟಿನಿಂದ ಸಿಗುವುದು ದುಡಿಮೆಯ ಕೂಲಿ. ಬಕ್ಷೀಸು ಕೊಟ್ಟವನು ದೊರೆಯಾಗುತ್ತಾನೆ, ಟಿಕೀಟು ಕೊಂಡವನು ಕೇಳುಗನಾಗುತ್ತಾನೆ. ಗಂಗೂಬಾಯಿಗೂ ಹೀರಾಬಾಯಿಗೂ ಮುಂದೆ ಅಕ್ಕತಂಗಿಯರಂಥ ಸ್ನೇಹ ಬೆಳೆಯಿತು.

ಹುಬ್ಬಳ್ಳಿಗೆ ಬಂದ ಗಾಂಧಾರಿ ಮೊದಲು ಕಲಿತದ್ದು ಹುಲಗೂರ ಕೃಷ್ಣಾಚಾರ್ಯರಲ್ಲಿ, ಆಮೇಲೆ ದತ್ತೋಪಂತ ದೇಸಾಯಿಯವರಲ್ಲಿ. ಶಾಲೆಯ ಓದು ಐದನೇ ಇಯತ್ತೆಗೇ ನಿಂತಿತ್ತು. 1929ರಲ್ಲಿ, 16ನೇ ವಯಸ್ಸಿಗೆ, ವಕೀಲ ಗುರುರಾವ್ ಕೌಲಗಿಯವರ ಬಾಳಸಂಗಾತಿಯಾದರು. 1932ರಲ್ಲಿ ತಾಯಿ ಅಂಬಾಬಾಯಿ ತೀರಿಕೊಂಡರು. ಗ್ರಾಮಫೋನ್ ತಟ್ಟೆಗಳು ಬರತೊಡಗಿದ ಈ ವರ್ಷಗಳಲ್ಲೇ ಗಾಂಧಾರಿ ಹೋಗಿ ಗಂಗೂಬಾಯಿ ಎಂಬ ಹೆಸರು ನಿಂತಿತು. ಬಾಲ್ಯದಲ್ಲಿ ಬೀದಿಯ ಗ್ರಾಮಫೋನಿಗೆ ಓಡಿಹೋಗಿ ಕಿವಿಗೊಡುತ್ತಿದ್ದ ಹುಡುಗಿಯ ದನಿಯೇ ಈಗ ಗ್ರಾಮಫೋನಿನಿಂದ ಬರತೊಡಗಿತು.

ಇಷ್ಟಾದ ಮೇಲೆ, ಹೆಸರು ಬಂದ ಮೇಲೆ, ಆಕೆ ಮತ್ತೆ ಶಿಷ್ಯೆಯಾದರು. ಅಬ್ದುಲ್ ಕರೀಂ ಖಾನರ ಶಿಷ್ಯ ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು, 1930ರ ದಶಕದ ಕೊನೆಯಲ್ಲಿ ತಮ್ಮೂರು ಕುಂದಗೋಳಕ್ಕೆ ಮರಳಿದ್ದರು. ಹುಬ್ಬಳ್ಳಿಯಿಂದ ಕುಂದಗೋಳ ಸುಮಾರು 20 ಕಿಲೋಮೀಟರು. ಗಂಗೂಬಾಯಿ ರೈಲು ಹಿಡಿದು ಪಾಠಕ್ಕೆ ಹೋಗಿ, ಮತ್ತೆ ರೈಲು ಹಿಡಿದು ರಾತ್ರಿ ಮನೆಗೆ ಬರುತ್ತಿದ್ದರು. ಮನೆಯ ಹಿರಿಯರು ಜೊತೆಗಿರುತ್ತಿದ್ದರು. ಅಷ್ಟು ಹೊತ್ತಿಗಾಗಲೇ ಅವರು ಮಕ್ಕಳ ತಾಯಿ. ಗುರುಗಳು ಕಲಿಸಿದ್ದು ಕೆಲವೇ ರಾಗಗಳು, ಆದರೆ ಒಂದೊಂದು ಸ್ವರವನ್ನೂ ತಿದ್ದಿ ತೀಡಿ. ಅದೇ ಊರಿನಲ್ಲಿ ಅದೇ ಗುರುವಿನ ಬಳಿ ಭೀಮಸೇನ ಜೋಶಿಯವರೂ ಕಲಿಯುತ್ತಿದ್ದರು. ಭೀಮಸೇನರು ಗುರುಗಳ ಮನೆಯಲ್ಲೇ ಇದ್ದು ಕಲಿತವರು. ಗಂಗೂಬಾಯಿ ಹಾಗೆ ಇರುವಂತಿರಲಿಲ್ಲ. ಗುರುವಿನ ಮನೆಯಲ್ಲಿ ವಾಸವಿದ್ದು ವಿದ್ಯೆ ಸಂಪಾದಿಸುವುದು ಗಂಡುಮಕ್ಕಳಿಗೆ ಸಲ್ಲುವ ದಾರಿ. ಸಂಸಾರದ ಹೆಣ್ಣಿಗೆ ಉಳಿದ ದಾರಿ ರೈಲಿನದು. ಇಂದು ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಹುಬ್ಬಳ್ಳಿ ಧಾರವಾಡದ ನಡುವೆ ಬಸ್ಸಿನಲ್ಲಿ ನಿಂತು ಹೋಗಿಬರುವ ಸಾವಿರಾರು ಹೆಣ್ಣುಮಕ್ಕಳಿಗೆ ಈ ದಾರಿಯ ಪರಿಚಯವಿದೆ. ವಿದ್ಯೆಯೊಂದೇ ಅಲ್ಲ, ವಿದ್ಯೆಗೆ ಹೋಗಿ ಬರುವ ದೂರವನ್ನೂ ಹೆಣ್ಣು ದುಡಿದು ದಾಟಬೇಕಾಗುತ್ತದೆ.

ಇಷ್ಟರಲ್ಲಿ ಆಕೆಯ ಬಂಡವಾಳಕ್ಕೇ ಪೆಟ್ಟು ಬಿತ್ತು. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ದನಿ ಬದಲಾಯಿತು. ಮೊದಲಿನ ತಟ್ಟೆಗಳಲ್ಲಿ ಕೇಳುವ ತೆಳುವಾದ, ಮೇಲಿನ ಶ್ರುತಿಯ ಹೆಣ್ಣುದನಿ ಹೋಗಿ ಗಡುಸಾದ, ಗಂಡಸಿನದೋ ಎನ್ನಿಸುವ ದನಿ ಬಂತು. ಹೆಣ್ಣಿನ ದನಿ ಎಂದರೆ ಜೇನಿನಂತಿರಬೇಕು ಎಂದು ನಂಬಿದ್ದ ಕಾಲ. ಬೇರೆಯವರಾಗಿದ್ದರೆ ತಂಬೂರಿಗೆ ಗವಸು ಹಾಕಿ ಇಟ್ಟುಬಿಡುತ್ತಿದ್ದರೇನೋ. ಗಂಗೂಬಾಯಿ ಹೋದ ದನಿಯನ್ನು ಹುಡುಕುತ್ತ ಕೂರಲಿಲ್ಲ, ಬಂದ ದನಿಯನ್ನು ಸಾಧನೆಗೆ ಹಚ್ಚಿದರು. ಭೈರವ, ಶುದ್ಧ ಕಲ್ಯಾಣ, ಮಾರವಾದಂಥ ರಾಗಗಳ ವಿಲಂಬಿತವನ್ನು ಆ ದನಿಯಲ್ಲಿ ಕೇಳಿದವರಿಗೆ ಗೊತ್ತು, ಕೊರತೆ ಎಂದು ಜನ ಎಣಿಸಿದ್ದೇ ಅವರ ಗುರುತಾಯಿತು. ಆಗ್ರಾದ ಜೊಹ್ರಾಬಾಯಿ ಎಂಬ ಹಿಂದಿನ ಪೀಳಿಗೆಯ ಗಾಯಕಿ ಹೀಗೆಯೇ ಎದೆ ತುಂಬಿ ಹಾಡಿದವರು. ಅವರ ತಟ್ಟೆಗಳನ್ನು ಗಂಗೂಬಾಯಿ ಬಹಳವಾಗಿ ಮೆಚ್ಚಿದ್ದರು.

ಆದರೂ ಪ್ರತಿ ಊರಿನಲ್ಲಿ ಮತ್ತೆ ಮೊದಲಿನಿಂದ ತನ್ನನ್ನು ತೋರಿಸಿಕೊಳ್ಳಬೇಕು. ಕಲ್ಕತ್ತಾದ ಸಂಗೀತ ಸಮ್ಮೇಳನಕ್ಕೆ ಮೊದಲ ಸಲ ಹೋದಾಗ, ದಕ್ಷಿಣದಿಂದ ಬಂದ ಈ ಸಣಕಲು ಹೆಣ್ಣುಮಗಳು ಹಾಡಬಲ್ಲಳೇ ಎಂದು ಸಂಘಟಕರಿಗೆ ಅನುಮಾನ ಬಂತು. ಸಮ್ಮೇಳನಕ್ಕೆ ಮೊದಲೇ ಒಂದು ಕಡೆ ಹಾಡಿಸಿ ಪರೀಕ್ಷೆ ಮಾಡಿದ ಮೇಲೆಯೇ ವೇದಿಕೆ ಸಿಕ್ಕಿತು. ಹಾಡಿ ಬಂದಾಗ ಮೆಚ್ಚುಗೆಯ ಸುರಿಮಳೆ. ಕೆಲಸ ಕೊಡುವ ಮೊದಲು ಎಲ್ಲರನ್ನೂ ಪರೀಕ್ಷಿಸುತ್ತಾರೆ, ನಿಜ. ಆದರೆ ಹೆಣ್ಣಿಗೆ ಎರಡು ಪರೀಕ್ಷೆ. ಮೊದಲನೆಯದು ಕೆಲಸ ಬರುತ್ತದೆಯೇ ಎಂದಲ್ಲ, ಇವಳಿಗೆ ಕೆಲಸ ಬರುವುದು ಸಾಧ್ಯವೇ ಎಂಬುದು.

ಸರ್ಕಾರದ ಬಾಗಿಲೂ ಹೀಗೆಯೇ ಇತ್ತು. 1946ರಲ್ಲಿ ಮಧ್ಯಂತರ ಸರ್ಕಾರದ ಕಾಲಕ್ಕೆ ರೇಡಿಯೋ ಇಲಾಖೆ ಸರ್ದಾರ್ ಪಟೇಲರ ಕೈಗೆ ಬಂದಾಗ ಒಂದು ನಿಯಮ ಬಂತು. ಯಾರ ಖಾಸಗಿ ಬದುಕು ಲೋಕಾಪವಾದಕ್ಕೆ ಗುರಿಯಾಗಿದೆಯೋ ಅವರಿಗೆ ರೇಡಿಯೋದಲ್ಲಿ ಹಾಡಲು ಅವಕಾಶವಿಲ್ಲ. ಕಾಗದದ ಮೇಲೆ ಇದು ನೀತಿಯ ಮಾತು. ನಡೆದದ್ದು ಮಾತ್ರ ಜಾನ್, ಬಾಯಿಗಳಿಗೆ ಬಾಗಿಲು ಮುಚ್ಚುವ ಕೆಲಸ. ಮೆಹಫಿಲಿಗೆ ಬಂದು ಕುಳಿತ ನವಾಬ, ಜಮೀನುದಾರರ ಖಾಸಗಿ ಬದುಕನ್ನು ಯಾರೂ ಕೇಳಲಿಲ್ಲ. ಹಾಡಿದವಳ ಬದುಕನ್ನು ಮಾತ್ರ ಕೇಳಿದರು. ಶತಮಾನಗಳ ಕಾಲ ಠುಮ್ರಿ, ದಾದ್ರಾಗಳನ್ನು ಕಾಪಾಡಿದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಹೆಸರು ಬದಲಿಸಿದರು, ಮದುವೆಯ ನೆರಳು ಹುಡುಕಿದರು, ಕೆಲವರು ಹಾಡುವುದನ್ನೇ ಬಿಟ್ಟರು.

ಗಂಗೂಬಾಯಿಯವರ ಮುಂದಿನ ಏಳಿಗೆ ಎಲ್ಲರಿಗೂ ತಿಳಿದದ್ದೇ. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ. ಐದನೇ ಇಯತ್ತೆ ಓದಿದವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಗೌರವ ಪ್ರಾಧ್ಯಾಪಕರಾದರು. 1966ರಲ್ಲಿ ಗಂಡ ತೀರಿಕೊಂಡರು. ತೊಂಬತ್ತರ ಅಂಚಿನಲ್ಲಿ ಎಲುಬಿನ ಮಜ್ಜೆಯ ಕ್ಯಾನ್ಸರ್ ಬಂತು. ಅದನ್ನೂ ಗೆದ್ದು 2006ರ ಮಾರ್ಚಿನಲ್ಲಿ, ಹಾಡತೊಡಗಿ 75 ವರ್ಷವಾದ ನೆನಪಿಗೆ, ಕೊನೆಯ ಕಛೇರಿ ಮಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತಾರೆ. ಕಷ್ಟಗಳಿದ್ದವು, ಛಲವಿತ್ತು, ಗೆದ್ದರು. ನಮ್ಮ ಶಾಲೆಯ ಪಾಠಗಳೂ ಮಹಿಳಾ ದಿನಾಚರಣೆಯ ಭಾಷಣಗಳೂ ಹೀಗೆಯೇ ಮುಗಿಯುತ್ತವೆ. ಆದರೆ ನಾವು ಈ ಬದುಕನ್ನು ಓದುವಾಗ ಇನ್ನಿಬ್ಬರು ಕಣ್ಣ ಮುಂದೆ ಬಂದು ನಿಲ್ಲುತ್ತಾರೆ. ಒಬ್ಬರು ತಾಯಿ ಅಂಬಾಬಾಯಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಕರ್ನಾಟಕ ಶೈಲಿಯ ನೆರಳು ಮಗಳ ಹಾಡಿನ ಮೇಲೆ ಬೀಳಬಾರದೆಂದು ಆ ತಾಯಿ ತಾನು ಹಾಡುವುದನ್ನೇ ನಿಲ್ಲಿಸಿದರು. ಉಸ್ತಾದರು ಬಂದು ಕುಳಿತು ಕೇಳುತ್ತಿದ್ದ ದನಿ ಅದು. ಇನ್ನೊಬ್ಬರು ಮಗಳು ಕೃಷ್ಣಾ. ಸ್ವತಃ ಸಮರ್ಥ ಗಾಯಕಿ. ದಶಕಗಟ್ಟಲೆ ತಾಯಿಯ ಹಿಂದೆ ತಂಬೂರಿ ಹಿಡಿದು ಕುಳಿತು, ತಾಯಿಯ ದನಿ ದಣಿದಲ್ಲಿ ತನ್ನ ದನಿ ಕೊಟ್ಟು ರಾಗವನ್ನು ಮುಂದಕ್ಕೆ ಒಯ್ದವರು. 2004ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು, ತಾಯಿಗಿಂತ ಮೊದಲು.

ಒಬ್ಬ ಗಂಗೂಬಾಯಿ ಬೆಳಗಬೇಕಾದರೆ ಹಿಂದೊಬ್ಬ ತಾಯಿ ಮೌನವಾಗಬೇಕು, ಪಕ್ಕದಲ್ಲೊಬ್ಬ ಮಗಳು ನೆರಳಾಗಬೇಕು. ಇದನ್ನು ನಾವು ತ್ಯಾಗವೆಂದು ಹೊಗಳಿ ಕೈತೊಳೆದುಕೊಳ್ಳುತ್ತೇವೆ. ಹೊಗಳುವ ಮೊದಲು ಒಂದು ಲೆಕ್ಕ ಹಾಕಬೇಕು. ಗಂಡಸು ದುಡಿಯಲು ಹೊರಟಾಗ ಅವನ ಅನ್ನ, ಬಟ್ಟೆ, ಮಕ್ಕಳ ಹೊಣೆಯನ್ನು ಮನೆ ಹೊರುತ್ತದೆ, ಅವನ ಹೆಸರನ್ನು ಊರು ಹೊರುತ್ತದೆ. ಹೆಣ್ಣು ಹೊರಟಾಗ ಆ ಹೊರೆಯೆಲ್ಲ ಇನ್ನೊಬ್ಬ ಹೆಣ್ಣಿನ ತಲೆಗೆ ದಾಟುತ್ತದೆ, ಇಲ್ಲವೆ ಅವಳ ತಲೆಯ ಮೇಲೆಯೇ ಉಳಿಯುತ್ತದೆ. ಅವಳ ಕಷ್ಟವನ್ನು 'ವೈಯಕ್ತಿಕ' ಎಂದು ಕರೆಯುತ್ತೇವೆ. ಜಾತಿ ವೈಯಕ್ತಿಕವೇ? ರಾತ್ರಿಯ ರೈಲು ವೈಯಕ್ತಿಕವೇ? ರೇಡಿಯೋದ ನಿಯಮ ವೈಯಕ್ತಿಕವೇ? ಊರೇ ಒಡ್ಡಿದ ಅಡ್ಡಗೋಡೆಯನ್ನು ಅವಳೊಬ್ಬಳೇ ಏರಿ ದಾಟಿದಾಗ ಚಪ್ಪಾಳೆ ತಟ್ಟುವ ನಾವು, ಗೋಡೆಯನ್ನು ಹಾಗೆಯೇ ಬಿಟ್ಟಿರುತ್ತೇವೆ.

ಗೋಡೆ ಉಳಿದಿತ್ತು ಎಂಬುದಕ್ಕೆ ಹುಬ್ಬಳ್ಳಿಯಲ್ಲೇ ಇನ್ನೊಂದು ಸಾಕ್ಷಿ ಇದೆ. 1960ರ ದಶಕದ ಕೊನೆಯಲ್ಲಿ ಇಲ್ಲಿನ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜಿಗೆ ಸುಧಾ ಕುಲಕರ್ಣಿ ಎಂಬ ಹುಡುಗಿ ಸೇರಿದಳು. ಸುಮಾರು ಆರುನೂರು ಹುಡುಗರ ನಡುವೆ ಒಬ್ಬಳೇ ಹುಡುಗಿ. ಸೀರೆಯನ್ನೇ ಉಟ್ಟು ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರೊಡನೆ ಮಾತಾಡಬಾರದು ಎಂಬ ಷರತ್ತುಗಳಿದ್ದವೆಂದೂ, ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲವೆಂದೂ ಅವರು ಮುಂದೆ ಹಲವು ಕಡೆ ಹೇಳಿಕೊಂಡಿದ್ದಾರೆ. 1974ರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದಾಗ ಟೆಲ್ಕೋ ಕಂಪನಿಯ ಜಾಹೀರಾತು ಕಣ್ಣಿಗೆ ಬಿತ್ತು. ಹೆಂಗಸರು ಅರ್ಜಿ ಹಾಕಬೇಕಾಗಿಲ್ಲ ಎಂದು ಅದರಲ್ಲೇ ಬರೆದಿತ್ತು. ಅವರು ಜೆ.ಆರ್.ಡಿ. ಟಾಟಾರಿಗೆ ಒಂದು ಪೋಸ್ಟ್‌ಕಾರ್ಡು ಬರೆದು ಕೇಳಿದರು. ಸಂದರ್ಶನಕ್ಕೆ ಕರೆ ಬಂತು, ಕೆಲಸ ಸಿಕ್ಕಿತು, ಆ ಕಂಪನಿಯ ಮೊದಲ ಮಹಿಳಾ ಇಂಜಿನಿಯರ್ ಆದರು. ಅವರೇ ಇಂದಿನ ಸುಧಾ ಮೂರ್ತಿ. ಗಮನಿಸಬೇಕಾದದ್ದು ಏನೆಂದರೆ, ಗಂಗೂಬಾಯಿಯವರಿಗೆ ಜಾತಿ ಅಡ್ಡವಾಗಿತ್ತು, ಈ ಡಾಕ್ಟರರ ಮಗಳಿಗೆ ಅದು ಅಡ್ಡವಾಗಿರಲಿಲ್ಲ. ಆದರೂ ಹೆಣ್ಣೆಂಬ ಒಂದೇ ಕಾರಣ ಬಾಗಿಲು ಮುಚ್ಚಲು ಸಾಕಾಯಿತು. ಹಾಗೆಯೇ, ಒಂದು ಪೋಸ್ಟ್‌ಕಾರ್ಡಿಗೆ ಆ ಬಾಗಿಲು ತೆರೆಯಿತು ಎಂದರೆ ಅದನ್ನು ಮುಚ್ಚಿಡಲು ನಿಜವಾದ ಕಾರಣ ಯಾವುದೂ ಇರಲಿಲ್ಲ ಎಂದೇ ಅರ್ಥ.

ಪೋಸ್ಟ್‌ಕಾರ್ಡು ಬರೆಯಲಾಗದವರೂ ಇದ್ದಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿಗೆ ಇಲ್ಲಿ ಬಣ್ಣ ಹಾಕಿ, ಚಕ್ರ ಮುದ್ರಿಸಿ, ಹೊಲಿದು ರಾಷ್ಟ್ರಧ್ವಜ ಮಾಡುತ್ತಾರೆ. ದುಡಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಮೇಜಿನ ಮೇಲಿಡುವ 6 ಅಂಗುಲದಿಂದ ಹಿಡಿದು 21 ಅಡಿ ಉದ್ದ 14 ಅಡಿ ಅಗಲದವರೆಗೆ ಒಂಬತ್ತು ಅಳತೆಯ ಬಾವುಟಗಳು. ನೂಲಿನ ಎಳೆ, ಬಣ್ಣ, ಹೊಲಿಗೆ ಯಾವುದರಲ್ಲೂ ತಪ್ಪುವಂತಿಲ್ಲ, ತಪ್ಪಿದರೆ ಸರಕು ತಿರಸ್ಕಾರ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಮತ್ತು ಯಂತ್ರದ ಬಾವುಟಗಳಿಗೆ ಒಪ್ಪಿಗೆ ಸಿಕ್ಕಿತು. 2022ರಲ್ಲಿ ಮನೆ ಮನೆಯ ಮೇಲೆ ತ್ರಿವರ್ಣ ಹಾರಿದಾಗ ಬೆಂಗೇರಿಯವರು ಖಾದಿ ಬಾವುಟದ ಬೇಡಿಕೆ ಕುಸಿಯಿತೆಂದು ಪ್ರತಿಭಟನೆಗೆ ಕೂತಿದ್ದರು. ದೇಶದ ಗೌರವವನ್ನು ಹೊಲಿಯುವ ಕೈಗಳ ಹೆಸರು ಯಾವ ಬಾವುಟದ ಅಂಚಿನಲ್ಲೂ ಇರುವುದಿಲ್ಲ.

ನಮ್ಮ ಸಮಾಜಕ್ಕೆ ಒಂದು ಮಾತು. ಹೆಣ್ಣು ಹೊರಗೆ ದುಡಿಯುವುದು ನಮ್ಮ ಪರಂಪರೆಯಲ್ಲಿ ಇಲ್ಲ ಎಂದು ವಾದಿಸುವವರು ನಮ್ಮ ಮೊಹಲ್ಲಾಗಳಲ್ಲಿ ಇಂದಿಗೂ ಇದ್ದಾರೆ. ಪ್ರವಾದಿ ಮುಹಮ್ಮದ್(ಸ)ರ ಮೊದಲ ಪತ್ನಿ ಹಝ್ರತ್ ಖದೀಜಾ(ರ) ಮಕ್ಕಾದ ಹೆಸರಾಂತ ವ್ಯಾಪಾರಿಯಾಗಿದ್ದರು, ತಮ್ಮ ಸರಕನ್ನು ಸಿರಿಯಾಕ್ಕೆ ಒಯ್ಯಲು ಯುವಕ ಮುಹಮ್ಮದರನ್ನು ನೇಮಿಸಿದ್ದು ಅವರೇ ಎಂಬುದನ್ನು ಮದ್ರಸಾದ ಮಕ್ಕಳೂ ಬಲ್ಲರು. ಬಲ್ಲದ್ದನ್ನು ಬದುಕಿಗೆ ತರುವುದರಲ್ಲಿ ಮಾತ್ರ ನಾವು ಹಿಂದೆ. ಮಗಳಿಗೆ ಡಿಗ್ರಿ ಬೇಕು, ಅದು ನಿಕಾಹದ ಮಾತುಕತೆಗೆ. ಕೆಲಸ ಬೇಡ, ಅದು ಮನೆತನದ ಮರ್ಯಾದೆಗೆ. ಇಂಥ ಲೆಕ್ಕದಲ್ಲಿ ಎಷ್ಟು ದನಿಗಳು ಅಂಬಾಬಾಯಿಯ ದನಿಯಂತೆ ನಿಂತುಹೋದವೋ ಎಣಿಸಿದವರಿಲ್ಲ. ಅಂಬಾಬಾಯಿಯ ಮೌನದಿಂದ ಒಬ್ಬ ಗಂಗೂಬಾಯಿಯಾದರೂ ಬಂದರು. ನಮ್ಮ ಮನೆಗಳ ಮೌನದಿಂದ ಏನು ಬಂದಿದೆ?

ಅಬ್ದುಲ್ ಕರೀಂ ಖಾನರು 1937ರಲ್ಲಿ ತಮಿಳುನಾಡಿನ ಒಂದು ಸಣ್ಣ ರೈಲು ನಿಲ್ದಾಣದಲ್ಲಿ ಕೊನೆಯುಸಿರೆಳೆದರು. ಮೀರಜಿನ ದರ್ಗಾದ ಆವರಣದಲ್ಲಿ ಅವರ ಸಮಾಧಿ ಇದೆ. ಅಲ್ಲಿ ವರ್ಷಕ್ಕೊಮ್ಮೆ ಅವರ ನೆನಪಿಗೆ ಹಾಡುವವರಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ. ಗೌಹರ್ ಜಾನ್ ಒಂಟಿಯಾಗಿ ತೀರಿಕೊಂಡ ಮೈಸೂರಿನಲ್ಲಿ ಈಗ ಸರ್ಕಾರದ ಸಂಗೀತ ವಿಶ್ವವಿದ್ಯಾಲಯವಿದೆ. ಅದರ ಹೆಸರು ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ. ಉಸ್ತಾದರೂ ಪಂಡಿತರೂ ತಮ್ಮ ಶಿಷ್ಯರನ್ನು ಕಳಿಸುವ ಆ ಸಂಸ್ಥೆಯ ಪದವಿಪತ್ರದ ಮೇಲೆ 'ಬಾಯಿ' ಎಂಬ ಎರಡಕ್ಷರ ಅಚ್ಚಾಗಿರುತ್ತದೆ. ಒಂದು ಕಾಲಕ್ಕೆ ಹೊಸ್ತಿಲಿನ ಹೊರಗಿಡಲು ಬಳಸಿದ ಪದ, ಇಂದು ಬಾಗಿಲಿನ ಮೇಲಿನ ಫಲಕವಾಗಿದೆ. ಪದ ತಾನಾಗಿ ಬದಲಾಗಲಿಲ್ಲ. ಅದನ್ನು ಹೊತ್ತವರು ದುಡಿದು ಬದಲಿಸಿದರು.

ಮೊನ್ನೆ ಮತ್ತೆ ದುರ್ಗದಬೈಲಿಗೆ ಹೋದಾಗ ಹೂವಿನ ಆ ತಾಯಿಯನ್ನು ಇನ್ನೊಮ್ಮೆ ಕೇಳಿದೆವು. ಈ ಸಲ ಅವರು ಹೆಸರು ಹೇಳಿದರು. ಬರೆಯುತ್ತೇವೆ ಎಂದಾಗ ತಲೆಯಾಡಿಸಿ, 'ಕರಿಯಾಕ ಹೇಳೇನಿ, ಬರಿಯಾಕ ಅಲ್ಲ' ಎಂದರು. ಹಾಗಾಗಿ ಇಲ್ಲಿ ಬರೆದಿಲ್ಲ. ಆದರೆ ಈಗ ನಾವು ಹೆಸರಿನಿಂದಲೇ ಕರೆಯುತ್ತೇವೆ. ಕರೆದಾಗ ಆಕೆ ಹೂ ಕಟ್ಟುವ ಕೈ ನಿಲ್ಲಿಸದೆ ಒಮ್ಮೆ ಕತ್ತೆತ್ತಿ ನೋಡುತ್ತಾರೆ.